ಒಂದೇ ಪುಸ್ತಕ, ಹತ್ತು ಜನ

ನೆಲದ ಮೇಲೆ ಒಂದೇ ಒಂದು ಪುಸ್ತಕ. ಸುತ್ತ ಹತ್ತು ಜನ. ಒಬ್ಬ ಬಗ್ಗಿ ಸಾಲು ಓದಿಕೊಂಡು ಹಿಂದೆ ಸರಿಯುತ್ತಾನೆ, ಅಷ್ಟರಲ್ಲಿ ಪಕ್ಕದವನು ಬಗ್ಗುತ್ತಾನೆ. ಯಹೂದಿಗಳು ಓದುವಾಗ ಹಿಂದೆ ಮುಂದೆ ತೂಗುವುದು ಯಾಕೆ ಎಂಬುದಕ್ಕೆ ಸ್ಪೇನಿನ ಕವಿ ಯೆಹೂದಾ ಹಲೇವಿ ಸುಮಾರು 1140ರಲ್ಲಿ, 'ಕುಜಾರಿ' ಎಂಬ ಗ್ರಂಥದಲ್ಲಿ ಕೊಟ್ಟ ಕಾರಣ ಇದು. ಆಗ ಪುಸ್ತಕ ಅಂದರೆ ಕೈಬರಹದ್ದು, ಸಿಗುವುದೇ ಅಪರೂಪ. ಹಿರಿಯರನ್ನು ನೋಡಿ ಮಕ್ಕಳು ಕಲಿತರು, ಅಭ್ಯಾಸ ಉಳಿಯಿತು ಅಂತ ಅವನ ವಾದ. ಹಲೇವಿ ವೈದ್ಯನೂ ಆಗಿದ್ದ. ದೇವರನ್ನು ನಡುವೆ ತರದೆ ಇಷ್ಟು ಸಾದಾ ಉತ್ತರ ಕೊಟ್ಟಿದ್ದಾನಲ್ಲ, ನನಗೆ ಅದೇ ಇಷ್ಟ. ಯಹೂದಿ ಅನುಭಾವಿಗಳ 'ಜೋಹರ್' ಗ್ರಂಥದ ಪ್ರಕಾರ ಆತ್ಮ ದೀಪದ ಕುಡಿ ಇದ್ದ ಹಾಗೆ, ಉರಿಯುವಾಗ ಅಲುಗದೆ ಇರದು. ಅದೂ ಚೆಂದವೇ.

ಯೂರೋಪಿನ ಯಹೂದಿಗಳ ಯಿಡ್ಡಿಶ್ ಭಾಷೆಯಲ್ಲಿ ಈ ತೂಗಾಟಕ್ಕೆ ಶಾಕ್ಲೆನ್ ಎನ್ನುತ್ತಾರೆ, ಅಂದರೆ ಅಲ್ಲಾಡುವುದು. ಅಚ್ಚಿನ ಯಂತ್ರ ಬಂದು ಕೈಗೊಂದು ಪುಸ್ತಕ ಸಿಕ್ಕ ಮೇಲೂ ಅದು ನಿಲ್ಲಲಿಲ್ಲ. ಯಾಕೆ?

ಓದುವಾಗ ಮಾತ್ರವಲ್ಲ, ಪ್ರಾರ್ಥಿಸುವಾಗಲೂ ಅವರು ತೂಗುತ್ತಾರೆ. ಅಮೀದಾ ಎಂಬ ಮುಖ್ಯ ಪ್ರಾರ್ಥನೆಯನ್ನು ಎರಡೂ ಪಾದ ಜೋಡಿಸಿ ನಿಂತು ಹೇಳಬೇಕು. ಪ್ರಾರ್ಥನೆಯ ಗೊತ್ತಾದ ನಾಲ್ಕು ಹಂತಗಳಲ್ಲಿ ಬಾಗಬೇಕು. ತೂಗಲೇಬೇಕು ಅಂತ ಮಾತ್ರ ಎಲ್ಲೂ ಇಲ್ಲ. ನೀವೂ ಹಾಗೆ ಪಾದ ಜೋಡಿಸಿ, ಕಣ್ಣು ಮುಚ್ಚಿ ಅರ್ಧ ನಿಮಿಷ ನಿಂತು ನೋಡಿ. (ಗೋಡೆ ಹತ್ತಿರ ಇರಲಿ.) ಮೈ ತಾನಾಗಿ ವಾಲುತ್ತದೆ, ಅಲ್ವಾ? ವೈದ್ಯರು ಸಮತೋಲ ನೋಡಲು ಮಾಡುವ ರಾಂಬರ್ಗ್ ಪರೀಕ್ಷೆಯೂ ಇದೇ. ನಿಂತ ಮೈಯ ಭಾರ ಪಾದದ ಕೀಲಿಗಿಂತ ಚೂರು ಮುಂದೆ ಬೀಳುತ್ತದೆ. ಮೀನಖಂಡ ಅದನ್ನು ಹಿಂದಕ್ಕೆ ಎಳೆಯುತ್ತದೆ, ಮೈ ಮತ್ತೆ ಮುಂದಕ್ಕೆ ವಾಲುತ್ತದೆ. ಪಾದ ಜೋಡಿಸಿದರೆ ಅಕ್ಕಪಕ್ಕದ ಆಸರೆಯೂ ಕಡಿಮೆ. ಕಣ್ಣು ಮುಚ್ಚಿದರೆ ಉಳಿಯುವುದು ಒಳಕಿವಿ, ಅಂಗಾಲು, ಸ್ನಾಯುಗಳು ಕೊಡುವ ಸುದ್ದಿ ಮಾತ್ರ. ಮೈಯಲ್ಲಿ ಮೊದಲೇ ಇದ್ದ ಈ ಅಲುಗಾಟ ಪ್ರಾರ್ಥನೆಯ ಲಯ ಹಿಡಿದು ದೊಡ್ಡದಾಗಿರಬೇಕು ಅಂತ ನನ್ನ ಊಹೆ.

ಇನ್ನೊಂದು ಲಾಭವೂ ಇದೆ. ಕಂಬದ ಹಾಗೆ ನಿಂತರೆ ರಕ್ತ ಕಾಲಲ್ಲೇ ನಿಲ್ಲುತ್ತದೆ. ಪರೇಡಿನಲ್ಲಿ ಸಿಪಾಯಿಗಳು ತಲೆ ಸುತ್ತಿ ಬೀಳುವುದು ಹೀಗೇ. ತೂಗುವವನ ಮೀನಖಂಡ ಕುಗ್ಗಿ ಹಿಗ್ಗಿ ರಕ್ತವನ್ನು ಮೇಲಕ್ಕೆ ಒತ್ತುತ್ತದೆ. ಯಹೂದಿಗಳ ಪ್ರಾಯಶ್ಚಿತ್ತದ ಹಬ್ಬ ಯೋಮ್ ಕಿಪ್ಪುರ್ ದಿನ ಸುಮಾರು 25 ಗಂಟೆ ನೀರೂ ಇಲ್ಲದ ಉಪವಾಸ, ಹಗಲೆಲ್ಲ ಪ್ರಾರ್ಥನೆ. ಅಂಥ ಹೊತ್ತಿನಲ್ಲಿ ಇದು ಸಣ್ಣ ಸಹಾಯವಲ್ಲ.

ಎಲ್ಲರಿಗೂ ಇದು ಹಿಡಿಸಲಿಲ್ಲ. ಪ್ರಾಗ್‌ನಿಂದ 1621ರಲ್ಲಿ ಜೆರುಸಲೇಮಿಗೆ ಬಂದ ರಬ್ಬಿ (ಯಹೂದಿ ಧರ್ಮಗುರು) ಯೆಶಾಯ ಹೊರೊವಿಟ್ಜ್, ರಾಜನ ಮುಂದೆ ಯಾರಾದರೂ ಗಾಳಿಗೆ ಸಿಕ್ಕ ಮರದ ಹಾಗೆ ತೂಗುತ್ತಾರಾ ಎಂದು ಆಕ್ಷೇಪಿಸಿದರು. ಅವರ ಮಾತು ಕೇಳಿ ಅಲುಗದೆ ನಿಂತವನನ್ನು ಇವತ್ತಿನ ಲ್ಯಾಬಿನಲ್ಲಿ ಒತ್ತಡ ಅಳೆಯುವ ಹಲಗೆ ಮೇಲೆ ನಿಲ್ಲಿಸಿ. ಪರದೆಯ ಮೇಲಿನ ಗೆರೆ ಹಿಂದಕ್ಕೆ, ಮುಂದಕ್ಕೆ, ಮತ್ತೆ ಹಿಂದಕ್ಕೆ ಹರಿದಾಡುತ್ತಲೇ ಇರುತ್ತದೆ.