ಯುವಿ ಟಾರ್ಚ್ ಬಿಟ್ಟರೆ ಕಲ್ಲು ಯಾಕೆ ಹೊಳೆಯುತ್ತದೆ?

ಪ್ರಶ್ನೆ: ಯುವಿ ಟಾರ್ಚ್ ಬಿಟ್ಟಾಗ ಕೆಲವು ಕಲ್ಲುಗಳು ಕೆಂಪಾಗಿ, ಹಸಿರಾಗಿ ಹೊಳೆಯುತ್ತವಲ್ಲ, ಅದು ಯಾವುದರಿಂದ ಅಂತ ಪತ್ತೆ ಮಾಡುವುದು ಹೇಗೆ?

ಉತ್ತರ: ಎಷ್ಟೋ ಸಲ ಆ ಬಣ್ಣ ಕಲ್ಲಿನ ಸ್ವಂತದ್ದಲ್ಲ, ಅದರೊಳಗೆ ಒಂಚೂರು ಬೆರೆತ ಬೇರೆ ಧಾತುವಿನದು. ಕಣ್ಣಿಗೆ ಕಾಣದ ಯುವಿ ಬೆಳಕನ್ನು ಆ ಧಾತುವಿನ ಎಲೆಕ್ಟ್ರಾನ್ ನುಂಗಿ ಹೆಚ್ಚು ಶಕ್ತಿಯ ಮೇಲಿನ ಮೆಟ್ಟಿಲು ಹತ್ತುತ್ತದೆ. ಒಂದಿಷ್ಟು ಶಕ್ತಿ ಬಿಸಿಯಾಗಿ ಸೋರಿಹೋಗುತ್ತದೆ. ಉಳಿದದ್ದು ಕಾಣುವ ಬೆಳಕಾಗಿ ಹೊರಬರುತ್ತದೆ. 1852ರಲ್ಲಿ ವಿಜ್ಞಾನಿ ಜಾರ್ಜ್ ಸ್ಟೋಕ್ಸ್ ಇದಕ್ಕೆ ಫ್ಲೋರೆಸೆನ್ಸ್ ಅಂತ ಹೆಸರಿಟ್ಟರು. ಫ್ಲೋರ್‌ಸ್ಪಾರ್ ಅನ್ನೋ ಖನಿಜದಿಂದ ಬಂದ ಹೆಸರು ಅದು.

ಬಣ್ಣ ನೋಡಿ ಧಾತು ಹೇಳಿಬಿಡಬಹುದು ಅಂದುಕೊಂಡರೆ ಮೋಸ ಹೋಗ್ತೀರಿ. ಅಮೆರಿಕದ ನ್ಯೂಜೆರ್ಸಿಯಲ್ಲಿ ಫ್ರ್ಯಾಂಕ್ಲಿನ್ ಅಂತ ಊರಿದೆ. ಅಲ್ಲಿನ ಸತುವಿನ ಗಣಿಯ ಕಲ್ಲು ಹಗಲಲ್ಲಿ ಸಪ್ಪೆ: ಬಿಳಿ, ಕಂದು, ನಡುವೆ ಕಪ್ಪು ಕಾಳುಗಳು. ಕತ್ತಲಲ್ಲಿ 254 ನ್ಯಾನೋಮೀಟರ್ ತರಂಗಾಂತರದ ಯುವಿ ದೀಪ ಹಿಡಿದರೆ ವಿಲ್ಲೆಮೈಟ್ ಅನ್ನೋ ಸತುವಿನ ಖನಿಜ ಹಸಿರಾಗಿ ಉರಿಯುತ್ತದೆ, ಪಕ್ಕದ ಕ್ಯಾಲ್ಸೈಟ್ ಅನ್ನೋ ಸುಣ್ಣದ ಖನಿಜ ಕೆಂಡದ ಹಾಗೆ. ಕಪ್ಪು ಕಾಳು ಕಪ್ಪಾಗೇ ಇರುತ್ತದೆ. ಹಸಿರಿಗೂ ಕೆಂಪಿಗೂ ಕಾರಣ ಒಂದೇ, ಮ್ಯಾಂಗನೀಸ್! ವಿಲ್ಲೆಮೈಟಿನಲ್ಲಿ ಅದರ ಸುತ್ತ ನಾಲ್ಕು ಆಮ್ಲಜನಕ, ಕ್ಯಾಲ್ಸೈಟಿನಲ್ಲಿ ಆರು. ಅಕ್ಕಪಕ್ಕದವರು ಬದಲಾದರೆ ಬಣ್ಣವೂ ಬದಲು. ಇನ್ನೊಂದು ತಮಾಷೆ ಇದೆ. ಕ್ಯಾಲ್ಸೈಟಿನ ಮ್ಯಾಂಗನೀಸ್ ಯುವಿಯನ್ನು ಸರಿಯಾಗಿ ಹೀರುವುದೇ ಇಲ್ಲ. ಜೊತೆಗಿರುವ ಸೀಸ ಹೀರಿ ಅದಕ್ಕೆ ದಾಟಿಸುತ್ತದೆ.

ಕಬ್ಬಿಣದ ಕೆಲಸ ಇದಕ್ಕೆ ಉಲ್ಟಾ, ಹೊಳಪನ್ನು ಆರಿಸುವುದು. ಬರ್ಮಾದ ಮಾಣಿಕ್ಯದಲ್ಲಿ ಕಬ್ಬಿಣ ಕಡಿಮೆ, ಹಾಗಾಗಿ ಅದರ ಕ್ರೋಮಿಯಂ ಜೋರಾಗಿ ಕೆಂಪು ಕಾರುತ್ತದೆ. ಥಾಯ್ಲೆಂಡಿನದರಲ್ಲಿ ಕಬ್ಬಿಣ ಜಾಸ್ತಿ, ಹೊಳಪು ಮಂಕು. ಕೋಲಾರದ ಚಿನ್ನದ ಗಣಿಗಳಲ್ಲೂ ಸಿಕ್ಕಿರುವ ಶೀಲೈಟ್ ಅನ್ನೋ ಖನಿಜಕ್ಕೆ ಮಾತ್ರ ಯಾರ ಹಂಗೂ ಇಲ್ಲ. ತನ್ನದೇ ಟಂಗ್‌ಸ್ಟನ್‌ನಿಂದ ತಿಳಿನೀಲಿಯಾಗಿ ಬೆಳಗುತ್ತದೆ.

ಹಾಗಾದರೆ ಪತ್ತೆ ಹೇಗೆ? ಹೊರಟ ಬೆಳಕನ್ನು ಸ್ಪೆಕ್ಟ್ರೋಮೀಟರ್ ಅನ್ನೋ ಉಪಕರಣದಲ್ಲಿ ಬಣ್ಣ ಬಣ್ಣವಾಗಿ ಬಿಡಿಸಿ, ನಕ್ಷೆಯಾಗಿ ನೋಡುತ್ತಾರೆ. ಮಾಣಿಕ್ಯದ ಕ್ರೋಮಿಯಂ 694 ನ್ಯಾನೋಮೀಟರ್ ಹತ್ತಿರ ಸೂಜಿಯಂಥ ಗೆರೆ ಕೊಡುತ್ತದೆ. ಮ್ಯಾಂಗನೀಸಿನದು ಅಗಲವಾದ ಗುಡ್ಡ. ಯುರೇನಿಯಂ ಇದ್ದರೆ ಬಾಚಣಿಗೆ ಹಲ್ಲಿನಂತೆ ಸಾಲು ಸಾಲು. ಆಮೇಲೆ ಕಲ್ಲಿನಲ್ಲಿ ಆ ಧಾತು ನಿಜಕ್ಕೂ ಇದೆಯಾ ಅಂತ ರಾಸಾಯನಿಕ ಪರೀಕ್ಷೆಯಲ್ಲಿ ತಾಳೆ ನೋಡುತ್ತಾರೆ.

ಮನೆಯಲ್ಲಿ ನೋಡುವವರು 365 ನ್ಯಾನೋಮೀಟರಿನ ಟಾರ್ಚ್ ಕೊಳ್ಳಿ. ಅಗ್ಗದ 395ರದ್ದು ತಾನೇ ನೇರಳೆ ಬೆಳಕು ಚೆಲ್ಲಿ ಎಲ್ಲವನ್ನೂ ಹೊಳೆಸಿದಂತೆ ತೋರಿಸುತ್ತದೆ. ಕಣ್ಣಿಗೆ ಯುವಿ ತಡೆಯುವ ಕನ್ನಡಕ ಇರಲಿ. ಕಲ್ಲನ್ನು ಮೊದಲು ತೊಳೆಯಿರಿ. ನಾನೊಮ್ಮೆ ಸಣ್ಣ ನೀಲಿ ಗೆರೆ ಕಂಡು ಕುಣಿದಾಡಿದ್ದೆ. ಊದಿದೆ, ಹಾರಿಹೋಯಿತು. ಬನಿಯನ್ನಿನ ನೂಲು. ಬಟ್ಟೆ ಸೋಪಿನ ಪುಡಿಯಲ್ಲಿರುವ ಬಿಳುಪಿನ ವಸ್ತುವೂ ಯುವಿಗೆ ನೀಲಿಯಾಗಿ ಹೊಳೆಯುತ್ತದೆ.