ಎಲ್ಲ ಲೋಪವೂ ‘ಕರ್ತವ್ಯಲೋಪ’ ಅಲ್ಲ

ಬೆಂಗಳೂರಿನಲ್ಲಿ ನಾನು ಸರ್ಕಾರಿ ನೌಕರರ ಸೇವಾ ಪ್ರಕರಣಗಳನ್ನು ನಡೆಸುವ ವಕೀಲ. ನನ್ನ ಟೇಬಲ್‌ಗೆ ಬರುವ ಅಮಾನತು ಆದೇಶಗಳಲ್ಲಿ ಒಂದು ಸಾಲು ಹೆಚ್ಚುಕಡಿಮೆ ಖಾಯಂ: ‘ಮೇಲ್ನೋಟಕ್ಕೆ ಕರ್ತವ್ಯಲೋಪ ಎಸಗಿರುವುದು ಕಂಡುಬಂದಿರುವುದರಿಂದ’. ಪಿಡಿಒ ಇರಲಿ, ಶಾಲೆಯ ಮೇಷ್ಟ್ರು ಇರಲಿ, ಪಾಲಿಕೆ ಎಂಜಿನಿಯರ್ ಇರಲಿ, ಪದ ಅದೇ. ಯಾವ ಕೆಲಸ, ಯಾವಾಗ ಮಾಡಬೇಕಿತ್ತು, ಯಾಕೆ ಆಗಲಿಲ್ಲ ಅನ್ನುವುದು ಮಾತ್ರ ಎಷ್ಟೋ ಆದೇಶಗಳಲ್ಲಿ ಇರುವುದಿಲ್ಲ. ಒಬ್ಬರ ಸಂಬಳ, ಬಡ್ತಿ, ಮಾನ ಎಲ್ಲವೂ ಈ ಒಂದು ಪದದ ಮೇಲೆ ನಿಂತಿರುತ್ತದೆ. ಹಾಗಾಗಿ ಅದನ್ನು ಸ್ವಲ್ಪ ಬಿಡಿಸಿ ನೋಡೋಣ.

‘ಕರ್ತವ್ಯ’ ಸಂಸ್ಕೃತದ ‘ಕೃ’ ಧಾತುವಿಗೆ ‘ತವ್ಯ’ ಸೇರಿ ಆದ ಪದ. ಮಾಡಲೇಬೇಕಾದದ್ದು ಅಂತ ಅರ್ಥ. ‘ಲೋಪ’ ನಮಗೆಲ್ಲ ಶಾಲೆಯಿಂದಲೇ ಗೊತ್ತು. ಮಾತು + ಇಲ್ಲ, ಮಾತಿಲ್ಲ. ನಡುವಿನ ‘ಉ’ ಬಿಟ್ಟುಹೋಯಿತು, ಅದು ಲೋಪಸಂಧಿ. ಪಾಣಿನಿಯ ಸೂತ್ರ ಇನ್ನೂ ಚಿಕ್ಕದು: ‘ಅದರ್ಶನಂ ಲೋಪಃ’. ಇರಬೇಕಾದದ್ದು ಕಾಣದೇ ಹೋದರೆ ಅದೇ ಲೋಪ.

ಇದು ಬರೀ ವ್ಯಾಕರಣ ಅಲ್ಲ. ಕೇಸಿನಲ್ಲಿ ನಾನು ಕೇಳುವ ಮೊದಲ ಪ್ರಶ್ನೆಯೂ ಇದೇ: ಆ ಕೆಲಸ ಇವರದ್ದೇ ಆಗಿತ್ತಾ? ಕಾರ್ಯಹಂಚಿಕೆ ಆದೇಶದಲ್ಲಿ ಇವರ ಹೆಸರಿನ ಮುಂದೆ ಆ ಕೆಲಸ ಇಲ್ಲದಿದ್ದರೆ ಲೋಪ ಎಲ್ಲಿಂದ ಬರುತ್ತದೆ? ಕಚೇರಿಯಲ್ಲಿ ಬಾಯಿಮಾತಿನಲ್ಲಿ ಹೇಳಿದ ಕೆಲಸ ಆಗದಿದ್ದಾಗ ಕೆಳಗಿನ ನೌಕರನ ಮೇಲೆ ಹೊರಿಸುವುದು ಜಾಸ್ತಿ. ಅದಕ್ಕೇ ಈ ಕಾಗದವನ್ನು ಮೊದಲು ಹುಡುಕಬೇಕು.

ಇನ್ನು ಕರ್ತವ್ಯಲೋಪಕ್ಕೆ ಇಂಗ್ಲಿಷಿನಲ್ಲಿ ಬಳಸುವ ‘ಡೆರೆಲಿಕ್ಷನ್ ಆಫ್ ಡ್ಯೂಟಿ’ಯ ಡೆರೆಲಿಕ್ಷನ್. ಅದರ ಬೇರು ಲ್ಯಾಟಿನ್‌ನಲ್ಲಿದೆ, ಪೂರ್ತಿ ಬಿಟ್ಟುಬಿಡುವುದು ಅಂತ ಅರ್ಥ. ವಾಪಸ್ ಬರುವ ಯೋಚನೆಯೇ ಇಲ್ಲದೆ ನಾವಿಕರು ಸಮುದ್ರದಲ್ಲಿ ಬಿಟ್ಟುಹೋದ ಹಡಗಿಗೆ ಕಡಲ ಕಾನೂನಿನಲ್ಲಿ ಡೆರೆಲಿಕ್ಟ್ ಅಂತಲೇ ಹೆಸರು. ಅಂದರೆ ಆ ಪದದೊಳಗೆ ಬಿಟ್ಟುಹೋದವನ ಮನಸ್ಸೂ ಇದೆ. ನಮ್ಮ ‘ಮೈಗಳ್ಳ’ದಲ್ಲೂ ಅದಿದೆ: ಮೈ ಬಗ್ಗಿಸಬಹುದಾಗಿತ್ತು, ಬೇಕಂತಲೇ ಬಗ್ಗಿಸಲಿಲ್ಲ. ‘ಲೋಪ’ದಲ್ಲಿ ಮನಸ್ಸಿನ ಸುದ್ದಿಯೇ ಇಲ್ಲ, ಖಾಲಿ ಜಾಗ ಮಾತ್ರ ಇದೆ. ಆದೇಶ ಬರೆಯುವವರು ಖಾಲಿ ಜಾಗ ತೋರಿಸಿ ನಿಲ್ಲಿಸಿಬಿಡುತ್ತಾರೆ. ಕೋರ್ಟು ಮಾತ್ರ ಅದು ಹೇಗೆ ಖಾಲಿಯಾಯಿತು ಅಂತ ಕೇಳುತ್ತದೆ.

1979ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಜೆ. ಅಹ್ಮದ್ ಪ್ರಕರಣ ಇದಕ್ಕೆ ದೊಡ್ಡ ಆಧಾರ. ಅಹ್ಮದ್ ಅಸ್ಸಾಮಿನ ನೌಗಾಂವ್ ಜಿಲ್ಲೆಯ ಡೆಪ್ಯುಟಿ ಕಮಿಷನರ್ ಆಗಿದ್ದರು. 1960ರ ಭಾಷಾ ಗಲಭೆಯ ಹೊತ್ತಿನಲ್ಲಿ ಮುನ್ನೆಚ್ಚರಿಕೆ ಕ್ರಮ ತೆಗೆದುಕೊಳ್ಳಲಿಲ್ಲ, ನಾಯಕತ್ವ ತೋರಿಸಲಿಲ್ಲ ಅಂತ ಅವರ ಮೇಲೆ ಆರೋಪ. ದಕ್ಷತೆ ಸಾಲದು ಅನ್ನುವುದು ಬೇರೆ, ದುರ್ನಡತೆ ಬೇರೆ ಅಂತ ಕೋರ್ಟ್ ಹೇಳಿತು. ಒಂದು ಸಲದ ತಪ್ಪು ಅಂದಾಜು ಸಾಮಾನ್ಯವಾಗಿ ದುರ್ನಡತೆ ಆಗುವುದಿಲ್ಲ. ಆದರೆ ಎಲ್ಲ ಅಜಾಗರೂಕತೆಗೂ ಇದು ರಕ್ಷಣೆ ಅಲ್ಲ. ನಿಂತ ರೈಲಿರುವ ಹಳಿಗೇ ಇನ್ನೊಂದು ರೈಲಿಗೆ ಸಿಗ್ನಲ್ ಕೊಡುವ ಕ್ಯಾಬಿನ್‌ಮ್ಯಾನ್, ಸ್ನಾಯುವಿಗೆ ಕೊಡಬೇಕಾದ ಇಂಜೆಕ್ಷನ್ ಅನ್ನು ರಕ್ತನಾಳಕ್ಕೆ ಕೊಟ್ಟು ರೋಗಿಯ ಜೀವ ತೆಗೆಯುವ ನರ್ಸ್, ಇಂಥ ಉದಾಹರಣೆಗಳನ್ನು ಅದೇ ತೀರ್ಪು ಕೊಟ್ಟಿದೆ. ಅಲ್ಲಿ ಒಂದೇ ತಪ್ಪು ಸಾಕು, ಪರಿಣಾಮ ಅಷ್ಟು ಭೀಕರ.

ರಜೆ ಇಲ್ಲದೆ ಗೈರುಹಾಜರಾದವರ ಕೇಸುಗಳೂ ಬಹಳ. 2012ರ ಕೃಷ್ಣಕಾಂತ್ ಪರ್ಮಾರ್ ತೀರ್ಪು ಇಲ್ಲಿ ನೆರವಿಗೆ ಬರುತ್ತದೆ. ಅನಧಿಕೃತ ಗೈರುಹಾಜರಿ ಇದ್ದ ಮಾತ್ರಕ್ಕೆ ಕರ್ತವ್ಯನಿಷ್ಠೆ ಇಲ್ಲ ಅಂತ ಹೇಳುವಂತಿಲ್ಲ, ಅದು ಬೇಕಂತಲೇ ಮಾಡಿದ್ದು ಅಂತ ವಿಚಾರಣೆಯಲ್ಲಿ ತೋರಿಸಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿತು. ಕಾಯಿಲೆ, ಅಪಘಾತ, ಆಸ್ಪತ್ರೆವಾಸ ಇದ್ದವರಿಗೆ ಇದು ದೊಡ್ಡ ಬಲ.

ಕಾನೂನು ಬೇಕಂತಲೇ ಮಾಡಿದ ನಿರ್ಲಕ್ಷ್ಯವನ್ನು ಗುರುತಿಸಿದಾಗ ಮಾತ್ರ ಬಹಳ ಕಠಿಣವಾಗುತ್ತದೆ, ಆಗಲೇಬೇಕು. ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ, ಆ ಸಮುದಾಯಗಳಿಗೆ ಸೇರದ ಅಧಿಕಾರಿ ಈ ಕಾಯ್ದೆಯಡಿ ಮಾಡಬೇಕಾದ ಕೆಲಸವನ್ನು ಬೇಕಂತಲೇ ನಿರ್ಲಕ್ಷಿಸಿದರೆ 6 ತಿಂಗಳಿಂದ 1 ವರ್ಷದವರೆಗೆ ಜೈಲು. ಅತ್ಯಾಚಾರದಂಥ ಅಪರಾಧದ ದೂರು ಬಂದಾಗ ಎಫ್‌ಐಆರ್ ದಾಖಲಿಸದ ಪೊಲೀಸರಿಗೆ ಭಾರತೀಯ ನ್ಯಾಯ ಸಂಹಿತೆಯ 199ನೇ ಸೆಕ್ಷನ್‌ನಲ್ಲಿ 6 ತಿಂಗಳಿಂದ 2 ವರ್ಷದವರೆಗೆ ಕಠಿಣ ಶಿಕ್ಷೆ ಇದೆ. ದೂರು ಹಿಡಿದು ಠಾಣೆಯ ಬೆಂಚಿನ ಮೇಲೆ ಗಂಟೆಗಟ್ಟಲೆ ಕೂತ ಹೆಣ್ಣುಮಗಳ ವಿಷಯದಲ್ಲಿ ‘ಕೆಲಸದ ಒತ್ತಡ ಇತ್ತು’ ಅನ್ನುವ ಉತ್ತರವನ್ನು ನಾನಂತೂ ಒಪ್ಪುವುದಿಲ್ಲ.

ಇಲಾಖೆಯ ಒಳಗಿನ ದಾರಿ ಬೇರೆ. ನಮ್ಮಲ್ಲಿ ಅದಕ್ಕೆ 1957ರ ಸಿಸಿಎ ರೂಲ್ಸ್, ಅಂದರೆ ಕರ್ನಾಟಕ ನಾಗರಿಕ ಸೇವಾ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳು ಇವೆ. ವಾಗ್ದಂಡನೆ, ಇನ್‌ಕ್ರಿಮೆಂಟ್ ತಡೆ, ನಿರ್ಲಕ್ಷ್ಯದಿಂದ ಸರ್ಕಾರಕ್ಕಾದ ನಷ್ಟದ ವಸೂಲಿ, ಕಡ್ಡಾಯ ನಿವೃತ್ತಿ, ಕೊನೆಗೆ ವಜಾ, ಹೀಗೆ ಶಿಕ್ಷೆಗಳು ಏರುತ್ತಾ ಹೋಗುತ್ತವೆ. ಈ ಪಟ್ಟಿಯಲ್ಲಿ ಅಮಾನತು ಇಲ್ಲ. ಅದು ಶಿಕ್ಷೆ ಅಲ್ಲ, ವಿಚಾರಣೆ ಮುಗಿಯುವವರೆಗಿನ ಏರ್ಪಾಡು. ಆದರೂ ‘ಕರ್ತವ್ಯಲೋಪ: ಅಧಿಕಾರಿ ಸಸ್ಪೆಂಡ್’ ಅಂತ ಸುದ್ದಿ ಬಂದ ದಿನವೇ ಓಣಿಯವರ ಕಣ್ಣಲ್ಲಿ ತೀರ್ಪು ಆಗಿಹೋಗಿರುತ್ತದೆ ಅಲ್ವಾ? 2015ರ ಅಜಯ್ ಕುಮಾರ್ ಚೌಧರಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, 3 ತಿಂಗಳೊಳಗೆ ದೋಷಾರೋಪ ಪಟ್ಟಿ ಕೊಡದಿದ್ದರೆ ಅಮಾನತು ಮುಂದುವರಿಸಬಾರದು, ಕೊಟ್ಟಿದ್ದರೂ ಮುಂದುವರಿಸಲು ಕಾರಣ ಬರೆಯಬೇಕು ಅಂದಿದೆ. ಆದೇಶ ಕೈಗೆ ಬಂದ ತಾರೀಖನ್ನು ಬರೆದಿಟ್ಟುಕೊಳ್ಳಿ.

ನೋಟಿಸ್ ಬಂದರೆ ಸುಮ್ನೆ ‘ಕ್ಷಮಿಸಿ, ಮುಂದೆ ಹೀಗಾಗುವುದಿಲ್ಲ’ ಅಂತ ಬರೆದುಕೊಡಬೇಡಿ. ಆಮೇಲೆ ಅದನ್ನೇ ತಪ್ಪೊಪ್ಪಿಗೆ ಅಂತ ಓದುತ್ತಾರೆ. ಯಾವ ಕೆಲಸ, ಯಾವ ದಿನಾಂಕ, ಯಾವ ನಿಯಮ ಅಂತ ಮೊದಲು ಕೇಳಿ, ಅವರು ನೆಚ್ಚಿಕೊಂಡಿರುವ ದಾಖಲೆಗಳ ಪ್ರತಿ ಕೇಳಿ. ಸಿಬ್ಬಂದಿ ಕೊರತೆ ಇದ್ದರೆ, ಎರಡು ಪಂಚಾಯಿತಿಯ ಪ್ರಭಾರ ನಿಮ್ಮ ಮೇಲೇ ಇದ್ದರೆ, ಸರ್ವರ್ ಕೈಕೊಟ್ಟಿದ್ದರೆ, ಅದನ್ನು ಅದೇ ವಾರ ಮೇಲಧಿಕಾರಿಗೆ ಪತ್ರ ಬರೆದು ತಿಳಿಸಿ, ಸ್ವೀಕೃತಿಯ ಸಹಿ ತೆಗೆದುಕೊಳ್ಳಿ. ವಿಚಾರಣಾಧಿಕಾರಿಯ ಮುಂದೆ ಆ ಸಹಿ ಇರುವ ಪ್ರತಿಗೆ ಇರುವ ತೂಕ, ವರ್ಷದ ನಂತರ ನೆನಪಿನಿಂದ ಹೇಳುವ ಮಾತಿಗೆ ಇರುವುದಿಲ್ಲ.