ಅಣ್ಣಿಗೇರಿ ಬರುವುದರೊಳಗೆ ಹುಬ್ಬಳ್ಳಿ ಎಫ್‌ಎಂ ಯಾಕೆ ಖರಖರ ಅನ್ನುತ್ತದೆ?

ಓದುಗರ ಪ್ರಶ್ನೆ: “ನಾವು ಗದಗ ಕಡೆಯವ್ರು. ವಾರಕ್ಕ ಎರಡ ಸಲ ಮಾಲು ತರಾಕ ಹುಬ್ಬಳ್ಳಿಗೆ ಹೋಗಿ ಬರ್ತೇನ್ರಿ. ಗಾಡಿಯೊಳಗ ಎಫ್‌ಎಂ ಹಚ್ಚಿದ್ರ ಶಿರಗುಪ್ಪಿ ತನಕಾ ಛಲೋ ಇರತದ, ಅಣ್ಣಿಗೇರಿ ಬರೂದ್ರಾಗ ಖರಖರ, ಹುಲಕೋಟಿಗೆ ಪೂರಾ ಬಂದ್. ಆದ್ರ ನಮ್ಮಪ್ಪನ ಹಳೇ ರೇಡಿಯೋದಾಗ ಧಾರವಾಡ ಆಕಾಶವಾಣಿ ಹೊಲದಾಗೂ ಕೇಳತದ. ಸರಕಾರದ್ದು ಬರ್ತದ, ಖಾಸಗಿದು ಯಾಕ ಬರಂಗಿಲ್ರಿ? ನಮ್ಮೂರಿಗೆ ಎಫ್‌ಎಂ ಯಾವಾಗ?”

ಇದೇ ಪ್ರಶ್ನೆಯನ್ನು ಹಾವೇರಿಯವರು ಕೇಳುವಾಗ ಅಣ್ಣಿಗೇರಿಯ ಜಾಗದಲ್ಲಿ ಶಿಗ್ಗಾಂವಿ, ಬಂಕಾಪುರ ಬರುತ್ತವೆ, ಉಳಿದದ್ದೆಲ್ಲ ಅದೇ. ಕೇಳುವವರಲ್ಲಿ ಬಹಳ ಮಂದಿ ಉತ್ತರವನ್ನೂ ಜೊತೆಗೇ ಕಳಿಸಿರುತ್ತಾರೆ: “ಖಾಸಗಿಯವ್ರು ರೊಕ್ಕ ಉಳಸಾಕ ಸಣ್ಣ ಮಷಿನ್ ಹಾಕ್ಯಾರ.” ಮಷಿನ್ ಸಣ್ಣದು ಅನ್ನುವುದು ಖರೆ. ಅದಕ್ಕೆ ಕಾರಣ ಮಾತ್ರ ಜಿಪುಣತನವಲ್ಲ. ಎಫ್‌ಎಂನ ಅಲೆಗೊಂದು ಗಡಿ ಇದೆ, ಲೈಸೆನ್ಸಿಗೊಂದು, ವ್ಯಾಪಾರಕ್ಕೆ ಮತ್ತೊಂದು. ಗದಗ ರಸ್ತೆಯಲ್ಲಿ ಮೂರೂ ಹೆಚ್ಚುಕಡಿಮೆ ಒಂದೇ ಕಡೆ ಬಂದು ಬೀಳುತ್ತವೆ.

ಮೊದಲು ಅಪ್ಪನ ರೇಡಿಯೋ. ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿ 8ರಂದು. ಬೇಂದ್ರೆಯವರು ಸಲಹೆಗಾರರಾಗಿದ್ದ, ಮಲ್ಲಿಕಾರ್ಜುನ ಮನಸೂರರು ಸಂಗೀತ ಸಲಹೆಗಾರರಾಗಿದ್ದ ಕೇಂದ್ರ ಅದು. ಅದರ ಮಧ್ಯಮ ತರಂಗದ ಪ್ರಸಾರ 765 ಕಿಲೋಹರ್ಟ್ಸ್‌ನಲ್ಲಿ, 200 ಕಿಲೋವ್ಯಾಟ್ ಟ್ರಾನ್ಸ್‌ಮಿಟರಿನಿಂದ. ಇಲ್ಲಿ ಒಂದೊಂದು ಅಲೆಯ ಉದ್ದ ಸುಮಾರು 392 ಮೀಟರ್. ಇಷ್ಟುದ್ದದ ಅಲೆಗೆ ಮನೆ, ಮರ, ದಿಬ್ಬ ಯಾವುದೂ ಲೆಕ್ಕಕ್ಕಿಲ್ಲ. ನೆಲ ಬಾಗಿದ ಹಾಗೆ ತಾನೂ ಬಾಗುತ್ತ, ನೆಲ ಹಿಡಿದೇ ಸಾಗುತ್ತದೆ. ತೇವ ಹಿಡಿದಿಟ್ಟುಕೊಳ್ಳುವ ನಮ್ಮ ಎರಿ ಭೂಮಿ ಅದಕ್ಕೆ ಒಳ್ಳೆಯ ದಾರಿ. ರಾತ್ರಿಯಾದರೆ ಇನ್ನೊಂದು ಆಟ ಶುರು: ಹಗಲು ಬಿಸಿಲಿಗೆ ಈ ಅಲೆಗಳನ್ನು ನುಂಗಿ ಹಾಕುವ ಮೇಲಿನ ವಾತಾವರಣದ ಒಂದು ಪದರ ಕತ್ತಲಾದ ಮೇಲೆ ಕರಗುತ್ತದೆ, ಅಲೆ ಅದರ ಮೇಲಿನ ಪದರಕ್ಕೆ ತಾಗಿ ನೂರಾರು ಕಿಲೋಮೀಟರ್ ಆಚೆ ಬಂದು ಇಳಿಯುತ್ತದೆ. ರಾತ್ರಿ ಒಂಬತ್ತರ ಮೇಲೆ ಹಳೇ ರೇಡಿಯೋದಲ್ಲಿ ಗೊತ್ತಿಲ್ಲದ ಭಾಷೆಗಳು ಒಂದರ ಮೇಲೊಂದು ಬೀಳುವುದು ಇದರಿಂದಲೇ.

ಎಫ್‌ಎಂ ಕುಟುಂಬವೇ ಬೇರೆ. 88ರಿಂದ 108 ಮೆಗಾಹರ್ಟ್ಸ್ ನಡುವಿನ ಈ ಅಲೆಗಳ ಉದ್ದ ಮೂರೇ ಮೀಟರಿನ ಸುಮಾರು. ಇವು ನೆಲ ಹಿಡಿಯುವುದಿಲ್ಲ, ಮೇಲಿನ ಪದರಕ್ಕೆ ಬಡಿದು ವಾಪಸ್ಸೂ ಬರುವುದಿಲ್ಲ. ಟವರಿನ ತುದಿಯಲ್ಲಿ ಒಬ್ಬನನ್ನು ಕೂರಿಸಿದರೆ ಅವನ ಕಣ್ಣಿಗೆ ಗದಗ ರಸ್ತೆ ಎಲ್ಲಿಯವರೆಗೆ ಕಾಣುತ್ತದೋ, ಅದಕ್ಕಿಂತ ತುಸು ಮುಂದೆ ಎಫ್‌ಎಂ ಮುಟ್ಟುತ್ತದೆ. ಇಂಜಿನಿಯರುಗಳ ಹತ್ತಿರ ಇದಕ್ಕೊಂದು ಸರಳ ಲೆಕ್ಕವಿದೆ. ಟವರಿನ ಎತ್ತರವನ್ನು ಮೀಟರಿನಲ್ಲಿ ತಗೊಳ್ಳಿ, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿ, ಬಂದದ್ದು ಕಿಲೋಮೀಟರ್. 75 ಮೀಟರ್ ಎತ್ತರದ ಟವರ್ ಅಂದುಕೊಂಡರೆ ಸುಮಾರು 36. ನಿಮ್ಮ ಗಾಡಿಯ ಆಂಟೆನಾ ನೆಲದಿಂದ ಒಂದೂವರೆ ಮೀಟರ್ ಮೇಲಿದ್ದರೆ ಅದರದ್ದೊಂದು 5. ಕೂಡಿಸಿದರೆ 41 ಕಿಲೋಮೀಟರ್. ಹುಬ್ಬಳ್ಳಿಯಿಂದ ಅಣ್ಣಿಗೇರಿಗೆ 35ರ ಆಸುಪಾಸು, ಗದಗಿಗೆ 58ರ ಆಸುಪಾಸು. ಟವರನ್ನು ಇಮ್ಮಡಿ ಮಾಡಿ 150 ಮೀಟರಿಗೆ ಏರಿಸಿದಿರಿ ಅನ್ನಿ, ಆಗಲೂ ಲೆಕ್ಕ 55ಕ್ಕೆ ನಿಲ್ಲುತ್ತದೆ. ಗದಗ ಇನ್ನೂ ಮೂರು ಕಿಲೋಮೀಟರ್ ಆಚೆ!

ಇದು ಸಮತಟ್ಟಾದ ನೆಲದ ಲೆಕ್ಕ. ರಸ್ತೆ ತಗ್ಗಿಗಿಳಿದಾಗ ಹಾಡು ಹೋಗಿ, ಏರಿದಾಗ ಎರಡು ಸಾಲು ಬಂದು, ಮತ್ತೆ ಹೋಗುವುದನ್ನು ನೀವು ಗಮನಿಸಿರುತ್ತೀರಿ. ಮಧ್ಯಮ ತರಂಗದ ಧ್ವನಿ ಮುದುಕರ ಕಣ್ಣಿನ ಹಾಗೆ ನಿಧಾನಕ್ಕೆ ಮಂಜಾಗುತ್ತದೆ. ಎಫ್‌ಎಂ ಹಾಗಲ್ಲ, ಸಿಗ್ನಲ್ ಒಂದು ಮಟ್ಟಕ್ಕಿಂತ ಮೇಲಿರುವ ತನಕ ಗಂಟೆ ಬಾರಿಸಿದಷ್ಟು ಸ್ವಚ್ಛ, ಆ ಮಟ್ಟದ ಕೆಳಗೆ ಬಂದ ಕೂಡಲೇ ಖರಖರ.

ಇನ್ನು ಲೈಸೆನ್ಸ್. ಖಾಸಗಿ ಎಫ್‌ಎಂಗೆ ಸರಕಾರ ಕೊಡುವ ಪರವಾನಗಿ ಒಂದು ಊರಿನ ಲೆಕ್ಕದಲ್ಲಿರುತ್ತದೆ. ಜಿಲ್ಲೆಯ ಲೈಸೆನ್ಸ್, ಉತ್ತರ ಕರ್ನಾಟಕದ ಲೈಸೆನ್ಸ್ ಅಂತ ಇಲ್ಲವೇ ಇಲ್ಲ. ಊರುಗಳನ್ನು ಜನಸಂಖ್ಯೆಯ ಮೇಲೆ ದರ್ಜೆ ಮಾಡಿದ್ದಾರೆ: 3ರಿಂದ 10 ಲಕ್ಷದವರೆಗಿನದು ಸಿ ದರ್ಜೆ, 1ರಿಂದ 3 ಲಕ್ಷದವರೆಗಿನದು ಡಿ. 2011ರ ಜನಗಣತಿಯಲ್ಲಿ 9.43 ಲಕ್ಷ ಇದ್ದ ಹುಬ್ಬಳ್ಳಿ-ಧಾರವಾಡ ಸಿ ದರ್ಜೆಗೆ ಬೀಳುತ್ತದೆ. ದರ್ಜೆ ಯಾವುದೋ ಶಕ್ತಿಯೂ ಅಷ್ಟೇ: ಸಿ ಊರಿನಲ್ಲಿ ಹೊರಬೀಳುವ ಶಕ್ತಿ 3ರಿಂದ 10 ಕಿಲೋವ್ಯಾಟಿನೊಳಗೆ, ಡಿ ಊರಿನಲ್ಲಿ 1ರಿಂದ 3ರೊಳಗೆ. ಆಂಟೆನಾದ ಎತ್ತರಕ್ಕೂ ಇದೇ ರೀತಿ ಮಿತಿ. ಹಾಗಾಗಿ ‘ಸಣ್ಣ ಮಷಿನ್’ ಅನ್ನುವುದು ಮಾಲೀಕರ ಇಷ್ಟದ ಮಾತಲ್ಲ.

ಈ ಕಟ್ಟುನಿಟ್ಟಿಗೆ ಕಾರಣವೂ ಇದೆ. ಎಫ್‌ಎಂನ 20 ಮೆಗಾಹರ್ಟ್ಸ್ ಜಾಗದಲ್ಲಿ ಒಂದೇ ಊರಿನ ಎರಡು ಕೇಂದ್ರಗಳ ನಡುವೆ 0.8 ಮೆಗಾಹರ್ಟ್ಸ್ ಅಂತರ ಬಿಡಬೇಕು. ಅಂದಮೇಲೆ ಸಿಗುವ ನಂಬರುಗಳಿಗೆ, ಅಂದರೆ ಫ್ರೀಕ್ವೆನ್ಸಿಗಳಿಗೆ, ಒಂದು ಮಿತಿ ಇದೆ. ಅವೇ ನಂಬರುಗಳನ್ನು ಊರಿಂದೂರಿಗೆ ಮತ್ತೆ ಮತ್ತೆ ಹಂಚಬೇಕು. ಹುಬ್ಬಳ್ಳಿಯ ಕೇಂದ್ರ ಶಕ್ತಿ ಏರಿಸಿಕೊಂಡು ಗದಗಿನಾಚೆಗೂ ಕೂಗತೊಡಗಿದರೆ, ನಾಳೆ ಅದೇ ನಂಬರನ್ನು ಪಕ್ಕದ ಇನ್ನೊಂದು ಊರಿಗೆ ಕೊಡಲು ಬರುವುದಿಲ್ಲ.

ಮೂರನೆಯದು ರೊಕ್ಕದ ಗಡಿ. ನನಗೆ ಹೆಚ್ಚು ಹೇಳಬೇಕು ಅನ್ನಿಸುವುದು ಇದರ ಬಗ್ಗೆಯೇ, ಯಾಕೆಂದರೆ ಕೆಲವು ವರ್ಷ ನಾನು ಈ ಭಾಗದ ಅಂಗಡಿಗಳಿಗೆ ರೇಡಿಯೋ ಜಾಹೀರಾತು ಬರೆದುಕೊಟ್ಟು ಹೊಟ್ಟೆ ಹೊರೆದವನು. ಖಾಸಗಿ ಎಫ್‌ಎಂಗೆ ಕೇಳುಗರಿಂದ ಒಂದು ಪೈಸೆ ಬರುವುದಿಲ್ಲ. ಅದು ಮಾರುವುದು ಸಮಯವನ್ನು, ಅದೂ ಹತ್ತು ಸೆಕೆಂಡಿನ ತುಂಡು ಮಾಡಿ. ಕೇಂದ್ರ ಸರಕಾರ ತನ್ನ ಜಾಹೀರಾತಿಗೆ ಖಾಸಗಿ ಎಫ್‌ಎಂಗಳಿಗೆ ಕೊಡುವ ಮೂಲ ದರವನ್ನು 2023ರಲ್ಲಿ ಹತ್ತು ಸೆಕೆಂಡಿಗೆ 52 ರೂಪಾಯಿಯಿಂದ 74 ರೂಪಾಯಿಗೆ ಏರಿಸಿತು. ಆ ಮೂಲ ದರದಲ್ಲೇ ನೋಡಿದರೆ ಮೂವತ್ತು ಸೆಕೆಂಡಿನ ಒಂದು ಸ್ಪಾಟಿಗೆ 222 ರೂಪಾಯಿ. ಪೇಟೆಯ ಅಂಗಡಿಯವನ ಜೊತೆಗಿನ ದರ ಚೌಕಾಸಿಯ ಮೇಲೆ. ದೀಪಾವಳಿ, ಯುಗಾದಿ, ಲಗ್ನದ ಸೀಜನ್ ನೋಡಿಕೊಂಡು ಏರುತ್ತದೆ, ಆಷಾಢದಲ್ಲಿ ಇಳಿಯುತ್ತದೆ.

ಬೆಂಗಳೂರಿನಲ್ಲಾದರೆ ಯಾವ ಕೇಂದ್ರವನ್ನು ಎಷ್ಟು ಮಂದಿ ಕೇಳಿದರು ಎಂದು ಅಳೆದು ಹೇಳುವ ಪದ್ಧತಿ ಇತ್ತು. ‘ರ‍್ಯಾಮ್’ ಎಂಬ ಆ ಅಳತೆ ನಡೆದದ್ದು ದೆಹಲಿ, ಮುಂಬೈ, ಕೋಲ್ಕತ್ತಾ, ಬೆಂಗಳೂರು, ಈ ನಾಲ್ಕೇ ಊರುಗಳಲ್ಲಿ. ಹುಬ್ಬಳ್ಳಿಯಲ್ಲಿ ಅಳತೆಗೋಲು ಅಂದರೆ ಅಂಗಡಿಯ ಗಲ್ಲಾ. ದುರ್ಗದ ಬೈಲಿನ ಹತ್ತಿರದ ಒಬ್ಬ ಸೀರೆ ವ್ಯಾಪಾರಿ ನನ್ನ ಸ್ಕ್ರಿಪ್ಟ್ ಕೇಳಿ ತಲೆಯಾಡಿಸಿದರು, ಆಮೇಲೆ ಗಾದಿಯ ಮೇಲಿಂದಲೇ ಒಂದು ಷರತ್ತು ಹಾಕಿದರು: “ರೇಡಿಯೋ ಕೇಳಿ ಬಂದೇವಿ ಅಂದವ್ರಿಗೆ ನೂರು ರೂಪಾಯಿ ಕಮ್ಮಿ ಅಂತ ಹೇಳಸ್ರಿ. ಎಷ್ಟ ಮಂದಿ ಬರ್ತಾರ ನೋಡೂಣು.” ಹಾಗೇ ಮಾಡಿದೆವು. ಬಿಲ್ ಪುಸ್ತಕದ ಹಿಂದೆ ಅವರ ಹುಡುಗ ಪೆನ್ಸಿಲಿನಲ್ಲಿ ಬಂದವರ ಊರು ಬರೆದಿಟ್ಟುಕೊಂಡ. ವಿದ್ಯಾನಗರ, ಕೇಶ್ವಾಪುರ, ಧಾರವಾಡ, ಕುಂದಗೋಳ, ಒಂದಿಷ್ಟು ನವಲಗುಂದ, ಅಣ್ಣಿಗೇರಿಯ ಎರಡು ಮನೆಯವರು. ಗದಗಿನವರು ಆ ವಾರ ಅಂಗಡಿಗೆ ಬಂದಿರಲಿಲ್ಲ ಅಂತಲ್ಲ, ಲಗ್ನದ ಜವಳಿಗೆ ದಂಡಿಯಾಗಿ ಬಂದಿದ್ದರು. ನೂರು ರೂಪಾಯಿ ಕಮ್ಮಿ ಕೇಳಲಿಲ್ಲ, ಅಷ್ಟೇ.

ಹಾಗಾದರೆ ಆ ವ್ಯಾಪಾರಿಗೆ ಗದಗಿನ ಕಿವಿಗಳು ಬೇಡವೇ? ಬೇಕು. ಆದರೆ ಅದಕ್ಕೆಂದು ಹೆಚ್ಚು ಕೊಡುತ್ತೀರಾ ಅಂದರೆ ಕೊಡುವುದಿಲ್ಲ, ‘ಅವ್ರು ಹೆಂಗೂ ಬರ್ತಾರಲ್ರೀ’ ಅನ್ನುತ್ತಾರೆ. ಇತ್ತ ಗದಗ ಪೇಟೆಯ ಅಂಗಡಿಯವನಿಗೆ ಹುಬ್ಬಳ್ಳಿ ಕೇಂದ್ರದಲ್ಲಿ ಜಾಹೀರಾತು ಕೊಡುವುದು ಶುದ್ಧ ನಷ್ಟ. ಸಾಮಾನು ಕೊಳ್ಳಲು ಹುಬ್ಬಳ್ಳಿಯಿಂದ ಗದಗಿಗೆ ಬರುವವರು ಯಾರು? ಹೀಗೆ, ಅಲೆ ಗದಗಿಗೆ ಮುಟ್ಟಿದರೂ ಕೇಂದ್ರದ ಆದಾಯ ಏರುವುದಿಲ್ಲ. ದೂರದ ಕಿವಿ ಬೇಕಾದ ವ್ಯಾಪಾರ ಇಲ್ಲದಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ದಲಾಲರಿಗೆ, ಬೀಜ ಗೊಬ್ಬರದ ಕಂಪನಿಗಳಿಗೆ ಊರಿಗಿಂತ ಹೊಲ ಮುಖ್ಯ. ಅಂಥವರಿಗೆ ಅಪ್ಪನ ರೇಡಿಯೋದ 765 ಈಗಲೂ ಅಗ್ಗದ ದಾರಿ.

ಇದರ ಒಂದು ಅಡ್ಡ ಪರಿಣಾಮದ ಬಗ್ಗೆ ನನ್ನದೊಂದು ತಕರಾರು. ಸಣ್ಣ ಮಾರುಕಟ್ಟೆಯ ಕೇಂದ್ರ ಇಡೀ ದಿನಕ್ಕೆ ಸಾಕಾಗುವಷ್ಟು ಸ್ಥಳೀಯ ಸಿಬ್ಬಂದಿ ಇಟ್ಟುಕೊಳ್ಳಲಾರದು. ಖಾಸಗಿ ಎಫ್‌ಎಂ ಹಂಚಿಕೆಗೆ ಸರಕಾರ ಮಾಡಿದ 2011ರ ಮೂರನೇ ಹಂತದ ನೀತಿ ಒಂದೇ ಕಂಪನಿಯ ಕೇಂದ್ರಗಳು ಕಾರ್ಯಕ್ರಮ ಹಂಚಿಕೊಳ್ಳಲು ಅವಕಾಶ ಕೊಟ್ಟಿದೆ, ಹೀಗಾಗಿ ಇಂಥ ಊರುಗಳಲ್ಲಿ ದಿನದ ಒಂದು ಪಾಲು ದೊಡ್ಡ ಊರಿನ ಸ್ಟುಡಿಯೋದಿಂದ ಬಂದು ಬೀಳುತ್ತದೆ. ಉಣಕಲ್ ಕೆರೆಯ ದಂಡೆಯಲ್ಲಿ ಕೂತು ಗಿರಮಿಟ್ ತಿನ್ನುವವನಿಗೆ ‘ಸಖತ್ ಮಗಾ’ ಎಂಬ ಕನ್ನಡ ಕೇಳಿಸುವುದು ಹಾಗೆ. ಬೆಳಗಿನ ಶೋದಲ್ಲಿ ‘ಏನ್ರಿ, ಚಾ ಆತೇನ್ರಿ?’ ಅಂದ ಮೊದಲ ನಿಮಿಷಕ್ಕೇ ಊರು ಕಿವಿ ನಿಮಿರಿಸುತ್ತದೆ ಅನ್ನುವುದು ಈ ಧಂದೆಯವರಿಗೆ ಗೊತ್ತಿಲ್ಲದ್ದೇನಲ್ಲ.

ಈಗ ‘ನಮ್ಮೂರಿಗೆ ಯಾವಾಗ’ ಎಂಬ ಭಾಗ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ 234 ಹೊಸ ಊರುಗಳಲ್ಲಿ 730 ಖಾಸಗಿ ಎಫ್‌ಎಂ ಚಾನೆಲ್‌ಗಳ ಹರಾಜಿಗೆ ಒಪ್ಪಿಗೆ ಕೊಟ್ಟಿತು. ಒಟ್ಟು ಮೀಸಲು ಬೆಲೆ (ಇದಕ್ಕಿಂತ ಕಮ್ಮಿಗೆ ಕೂಗುವಂತಿಲ್ಲ) 784.87 ಕೋಟಿ ರೂಪಾಯಿ, ಆಮೇಲೆ ಪ್ರತಿವರ್ಷ ಜಿಎಸ್‌ಟಿ ಬಿಟ್ಟು ಆದಾಯದ ಶೇ. 4 ಶುಲ್ಕ. ಆ ಪಟ್ಟಿಯಲ್ಲಿ ಗದಗ-ಬೆಟಗೇರಿಯ ಹೆಸರಿದೆ. ಖುಷಿಪಡುವ ಮೊದಲು ಒಂದು ಹಳೇ ಲೆಕ್ಕ: ಮೂರನೇ ಹಂತದ ಎರಡನೇ ಸುತ್ತಿನಲ್ಲಿ, 2016ರಲ್ಲಿ, 92 ಊರುಗಳ 266 ಚಾನೆಲ್ ಹರಾಜಿಗಿಟ್ಟರೆ ಹೋದವು 66. ಪಟ್ಟಿಯಲ್ಲಿರುವುದು ಬೇರೆ, ಹರಾಜು ಕೂಗುವವ ಬರುವುದು ಬೇರೆ. ಗದಗ-ಬೆಟಗೇರಿ 2011ರ ಜನಗಣತಿಯಲ್ಲಿ 1.72 ಲಕ್ಷದ ಊರು. ಅಲ್ಲಿಯ ಜವಳಿ, ಬಂಗಾರ, ಕೋಚಿಂಗ್ ಕ್ಲಾಸು, ಆಸ್ಪತ್ರೆಗಳು ಸೇರಿ ತಿಂಗಳಿಗೆ ಎಷ್ಟು ಜಾಹೀರಾತು ಕೊಡಬಲ್ಲವು ಎಂದು ಯಾವುದೋ ಕಂಪನಿ ಲೆಕ್ಕ ಹಾಕಿ, ಅದು ಟವರ್ ಬಾಡಿಗೆ, ಹಾಡಿನ ರಾಯಲ್ಟಿ, ಕರೆಂಟ್ ಬಿಲ್ಲು, ನಾಲ್ಕೈದು ಜನರ ಸಂಬಳ ದಾಟುತ್ತದೆ ಅನ್ನಿಸಿದ ದಿನ ಎಫ್‌ಎಂ ಬರುತ್ತದೆ. ಹುಬ್ಬಳ್ಳಿ ಸ್ಟುಡಿಯೋವನ್ನೇ ಹಂಚಿಕೊಂಡು ನಡೆಸುವ ಕಂಪನಿಗೆ ಆ ಲೆಕ್ಕ ಬೇಗ ಕೂಡಬಹುದು ಎಂಬುದು ನನ್ನ ಊಹೆ.

ಹಾವೇರಿಯವರಿಗೆ ಮಾತ್ರ ಈ ಬಾಗಿಲೂ ಕಿರಿದು. ಈ ಹಂತ ಲೆಕ್ಕಕ್ಕೆ ಹಿಡಿದದ್ದು ಒಂದು ಲಕ್ಷಕ್ಕೆ ಮೇಲಿನ ಊರುಗಳನ್ನು. ಹಾವೇರಿ ನಗರ 2011ರಲ್ಲಿ 67 ಸಾವಿರ. (ಅದೇ ಜಿಲ್ಲೆಯ ರಾಣೆಬೆನ್ನೂರು ಆಗಲೇ ಲಕ್ಷ ದಾಟಿತ್ತು.) ಅಂಥ ಊರಿಗೆ ಹೊಂದುವುದು ಸಮುದಾಯ ರೇಡಿಯೋ. 100 ವ್ಯಾಟ್ ಶಕ್ತಿ, 30 ಮೀಟರ್ ಮೀರದ ಟವರ್, ಹತ್ತು ಹನ್ನೆರಡು ಕಿಲೋಮೀಟರ್ ವ್ಯಾಪ್ತಿ. ಲಾಭಕ್ಕೆ ನಡೆಸುವಂತಿಲ್ಲ, ಆದರೆ 2024ರ ನಿಯಮದ ಪ್ರಕಾರ ಗಂಟೆಗೆ 12 ನಿಮಿಷ ಜಾಹೀರಾತು ಹಾಕಬಹುದು. ಧಾರವಾಡದ ಕೃಷಿ ವಿಶ್ವವಿದ್ಯಾಲಯ 2007ರಿಂದ 90.4ರಲ್ಲಿ ಇಂಥದ್ದನ್ನು ನಡೆಸುತ್ತಿದೆ. ಹಾವೇರಿಯ ಯಾವುದಾದರೂ ಕಾಲೇಜು ಮನಸ್ಸು ಮಾಡಿದರೆ ಹರಾಜಿಗೆ ಕಾಯಬೇಕಿಲ್ಲ.

ಅಲ್ಲಿಯವರೆಗೆ ಪ್ರಶ್ನೆ ಕೇಳಿದವರಿಗೆ ಒಂದೆರಡು ಉಪಾಯ. ಗಾಡಿಯ ಸೆಟ್ಟಿನಲ್ಲಿ ಸ್ಟೀರಿಯೋ ಬಂದ್ ಮಾಡಿ ಮೋನೋ ಇಡುವ ಸೌಲಭ್ಯ ಇದ್ದರೆ ಶಿರಗುಪ್ಪಿ ದಾಟುತ್ತಲೇ ಹಾಗೆ ಮಾಡಿ. ದುರ್ಬಲ ಸಿಗ್ನಲ್‌ನಲ್ಲಿ ಬುಸುಗುಡುವ ಸದ್ದು ಬಹಳ ಕಮ್ಮಿಯಾಗುತ್ತದೆ. ಮೊಬೈಲಿನಲ್ಲಿ ಕೇಳುವುದಾದರೆ ಇಯರ್‌ಫೋನಿನ ವೈರನ್ನು ಮುದ್ದೆ ಮಾಡಿ ಕಿಸೆಯಲ್ಲಿಡಬೇಡಿ, ಆ ವೈರೇ ಆಂಟೆನಾ. ಅಪ್ಪನ ರೇಡಿಯೋ ಮನೆಯೊಳಗೆ ಗುಂಯ್‌ಗುಡುತ್ತಿದ್ದರೆ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್ ತೆಗೆದು ನೋಡಿ. ರೇಡಿಯೋವನ್ನು ಮೇಜಿನ ಮೇಲೆ ಮೆಲ್ಲಗೆ ತಿರುಗಿಸಿಯೂ ನೋಡಿ: ಒಳಗೊಂದು ಕರಿ ಫೆರೈಟ್ ಕಡ್ಡಿ ಇದೆ, ಅದರ ಮಗ್ಗಲು ಧಾರವಾಡದ ಕಡೆ ಬಂದಾಗ ಧ್ವನಿ ದುಂಡಗಾಗುತ್ತದೆ, ತುದಿ ಆ ಕಡೆ ತಿರುಗಿದರೆ ಸೊರಗುತ್ತದೆ. ಹುಲಕೋಟಿಯ ಮುಂದಿನ ದಾರಿಗೆ, ಸದ್ಯಕ್ಕೆ, ಪೆನ್‌ಡ್ರೈವ್.